ಗುಮಾಸ್ತನಿಗೆ ನಿದ್ದೆಯಿಲ್ಲ

ಪ್ರೀತಿಯ ಅಕ್ಕಾ,

ನಿನ್ನ ಲ್ಯಾಪ್‌ಟಾಪ್ ಸರಿಹೋಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಏನನ್ನೇ ಆಗಲಿ ಕೊನೆಯ ಪುಟದಿಂದ ಓದುವವಳು. ಕತೆಯಲ್ಲಿ ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು ಎಂದು ಮೊದಲು ನೋಡಿಕೊಂಡು, ಆಮೇಲೆ ಮನಸ್ಸಿದ್ದರೆ ಮೊದಲ ಪುಟಕ್ಕೆ ಬರುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇ? ಈ ಪತ್ರದಲ್ಲಿ ನಮ್ಮವರು ಯಾರೂ ಸಾಯುವುದಿಲ್ಲ. ದಯವಿಟ್ಟು ಸಾಲಾಗಿ ಓದು.

ಲ್ಯಾಪ್‌ಟಾಪಿನ ಮುಚ್ಚಳದೊಳಗೆ ನೀನು ಮಡಿಚಿಟ್ಟಿದ್ದ ಚೀಟಿ ಸಿಕ್ಕಿತು. ಅಳತೆ ಬರೆದುಕೊಳ್ಳುವ ಹಾಳೆಯ ಹಿಂಬದಿಯಲ್ಲಿ, ಯಾರದೋ ತೋಳಿನ ಉದ್ದದ ಪಕ್ಕದಲ್ಲಿ ಬರೆದಿದ್ದೆ: "ಇದು ನಿನ್ನ ಹತ್ತಿರವೇ ಇರಲಿ. ನಾನು ಮಾತಾಡಿದ್ದು ಸಾಕು." ಓದಿ ಹೆದರಿಬಿಟ್ಟೆ. ನಿನ್ನ ಗಂಟಲಿನ ಆಪರೇಷನ್ ಆದ ದಿನವೂ ನಾನು ಹೀಗೆ ಹೆದರಿರಲಿಲ್ಲ. ಜೀವ ಉಳಿಯುತ್ತದೆ, ದನಿ ಮಾತ್ರ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ದನಿ ಹೋದರೆ ಹೋಗಲಿ, ಇವಳ ಮಾತನ್ನು ಯಾರಿಂದ ಕಿತ್ತುಕೊಳ್ಳಲು ಸಾಧ್ಯ ಎಂದು ಧೈರ್ಯವಾಗಿದ್ದೆ. ಈಗ ಆ ಮಾತನ್ನು ನೀನೇ ಚೀಲದಲ್ಲಿ ತುಂಬಿ ಕಳಿಸಿದರೆ ನಾನು ಯಾರ ಹತ್ತಿರ ಜಗಳವಾಡಲಿ? ಚೀಟಿಯಲ್ಲಿ ನೀನು ಇಟ್ಟುಕೋ ಎಂದಿದ್ದೆ. ಚೀಲ ತಂದ ಭಾವ ಮಾತ್ರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ "ಸರಿ ಮಾಡು" ಎಂದು ಹೋದರು. ನಾನು ಭಾವನ ಮಾತು ಕೇಳಿದೆ.

ಈ ಲ್ಯಾಪ್‌ಟಾಪ್ ನಿನ್ನ ಕೈಗೆ ಬಂದ ದಿನ ನೆನಪಿದೆಯಾ? ನಮ್ಮ ಗ್ರಂಥಾಲಯದಲ್ಲಿ ಮೂಲೆ ಸೇರಿದ್ದ ಹಳೆಯ ಯಂತ್ರಕ್ಕೆ ನಾನು ಲಿನಕ್ಸ್ ಹಾಕಿ, ಬರೆದದ್ದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಸೇರಿಸಿ, ಹೊಸ ಮಗುವನ್ನು ತಂದಂತೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದೆ. ಲಿನಕ್ಸೇ ಯಾಕೆ ಎಂದು ನೀನು ಬರೆದು ಕೇಳಿದೆ. ಹಳೆಯ ಯಂತ್ರದ ಮೇಲೂ ಹಗುರವಾಗಿ ಓಡುತ್ತದೆ, ಮತ್ತೆ ಒಳಗೆ ಏನು ನಡೆಯುತ್ತಿದೆ ಎಂದು ಕೇಳಿದರೆ ಮುಚ್ಚಿಡದೆ ಹೇಳುತ್ತದೆ ಎಂದೆ. ನೀನು ಕೀಲಿಮಣೆಯ ಮೇಲೆ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ ಮೊದಲ ಮಾತು ಭಾವನಿಗೆ: "ರೀ, ಇನ್ಮೇಲೆ ನಾನು ಬೈದರೂ ನಿಮಗೆ ಗಂಡಸಿನ ದನೀಲೇ ಕೇಳಿಸುತ್ತೆ." ಯಂತ್ರ ಅದನ್ನು ಒಂದಿಷ್ಟೂ ಏರಿಳಿತವಿಲ್ಲದೆ, ನೆಗಡಿಯಾದ ಸರ್ಕಾರಿ ಗುಮಾಸ್ತನ ಹಾಗೆ ಮೂಗಿನಲ್ಲಿ ಓದಿತು. ಭಾವ ನಕ್ಕರು, ಆಮೇಲೆ ಮುಖ ತೊಳೆಯಬೇಕು ಎಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವತ್ತಿನಿಂದ ಅದಕ್ಕೆ ಗುಮಾಸ್ತ ಎಂಬ ಹೆಸರು ನಿಂತಿತು.

ನಿನ್ನ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ, ಬಟ್ಟೆಯ ಥಾನುಗಳ ಪಕ್ಕ ಗುಮಾಸ್ತ ಕೂತ. ಅಳತೆ ತೆಗೆಯುತ್ತ ನೀನು ಕುಟ್ಟುತ್ತಿದ್ದೆ, ಅವನು ಹೇಳುತ್ತಿದ್ದ. "ಉಸಿರು ಬಿಡಿ, ಅಂಗಿ ಹಾಕಿಕೊಂಡ ಮೇಲೂ ಉಸಿರಾಡಬೇಕಲ್ಲ" ಎಂದು ಅವನ ಬಾಯಲ್ಲಿ ಕೇಳಿದ ಗಿರಾಕಿಗಳು ಮೊದಲಿಗಿಂತ ಹೆಚ್ಚು ನಗುತ್ತಿದ್ದರು. ಸಂಜೆ ಗ್ರಂಥಾಲಯದಿಂದ ಬರುವಾಗ ನಿನ್ನ ಅಂಗಡಿಯ ಮುಂದೆ ನಿಂತು ಆ ಮೂಗಿನ ದನಿಯನ್ನೂ ಅದರ ಹಿಂದಿನ ನಗುವನ್ನೂ ಕೇಳಿಸಿಕೊಂಡು, ಒಳಗೆ ಬಾರದೆ ಹಾಗೇ ಮನೆಗೆ ಹೋದ ದಿನಗಳೂ ಇವೆ. ನನಗೆ ಅಷ್ಟು ಸಾಕಾಗುತ್ತಿತ್ತು.

ಆಮೇಲೆ ಕೋಟಿನ ಪ್ರಸಂಗ. ಇದನ್ನು ನೀನು ನನಗೆ ಹೇಳಲಿಲ್ಲ. ಭಾವನಿಂದ ಒಂದೊಂದೇ ಪದ ಕಿತ್ತು ತಿಳಿದುಕೊಂಡೆ. ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ಆ ಗಿರಾಕಿ ಮೇಡಂ, ತಮ್ಮ ಗಂಡನಿಗೆ ಇದು ಇಷ್ಟವಾಗಲಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಿದ್ದರಂತೆ. ನೀನು ಬರೆದದ್ದು, "ಈ ಕೋಟು ನಿಮಗೆ ಚೆನ್ನಾಗಿ ಕಾಣಲ್ಲ ಅಂದವರ ಕಣ್ಣು ಪರೀಕ್ಷೆ ಮಾಡಿಸಬೇಕು." ಗುಮಾಸ್ತ ಹೇಳಿದ್ದು, "ಈ ಕೋಟು ನಿಮಗೆ ಚೆನ್ನಾಗಿ ಕಾಣಲ್ಲ." ಅಲ್ಲಿಗೆ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಚಾರ್ಜರ್ ಗೋಡೆಗೆ ಸಿಕ್ಕಿಸಿಯೇ ಇತ್ತು, ಆದರೂ ಮುಗಿಯಿತು. ಇಡೀ ಭಾಷೆಯಲ್ಲಿ ಅವನಿಗೆ ಉಸಿರು ಕಟ್ಟಲು ಬೇರೆ ಜಾಗ ಸಿಗಲಿಲ್ಲ ನೋಡು. ನೀನು ಕೈ ಆಡಿಸುತ್ತ ಅವರ ಹಿಂದೆ ಬೀದಿಯವರೆಗೆ ಓಡಿದೆಯಂತೆ. ಅವರು ತಿರುಗಿ ನೋಡಲಿಲ್ಲವಂತೆ. ಅದನ್ನು ಕೇಳಿ ನನಗೆ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತುಹೋಯಿತು.

ಸರಿ, ದುರಸ್ತಿಗೆ ಬರುತ್ತೇನೆ. ಮೊದಲು ಬ್ಯಾಟರಿಗೇ ವಯಸ್ಸಾಯಿತೇ ಎಂದು ನೋಡಿದೆ. ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಕೇಳಿದರೆ ಲಿನಕ್ಸ್ ಹೇಳುತ್ತದೆ. ಸ್ವಲ್ಪ ದಣಿದಿದೆ, ಅಷ್ಟೇ. ನನ್ನ ಮಂಡಿಗಿಂತ ಗಟ್ಟಿಯಾಗಿದೆ. ಚಾರ್ಜ್ ಶೇಕಡ ಎಂಬತ್ತಕ್ಕೆ ಬಂದು ನಿಂತುಬಿಡುವುದು ರೋಗವಲ್ಲ, ಅದು ನಾನೇ ಹಾಕಿದ ಕಟ್ಟು. ಯಾವಾಗಲೂ ನೂರರವರೆಗೆ ತುಂಬಿಸಿಟ್ಟರೆ ಬ್ಯಾಟರಿ ಬೇಗ ಮುದಿಯಾಗುತ್ತದೆ ಎಂದು ಹಿಂದೊಮ್ಮೆ ನಿನಗೆ ಒಂದು ಗಂಟೆ ಪಾಠ ಮಾಡಿದ್ದೆ. ಎಲ್ಲ ಕೇಳಿಸಿಕೊಂಡು ನೀನು ಗುಮಾಸ್ತನಿಂದ ಹೇಳಿಸಿದ್ದು ಇಷ್ಟೇ: "ಬೆಳೆಯೋ ಮಕ್ಕಳ ಅಂಗೀಲಿ ಒಳಗೆ ಬಟ್ಟೆ ಬಿಟ್ಟಿರ್ತೀವಲ್ಲ, ಹಾಗೆ ಅನ್ನು. ಅದಕ್ಕೆ ಇಷ್ಟುದ್ದ ಭಾಷಣ ಯಾಕೆ?" ನನ್ನ ಗ್ರಂಥಾಲಯದಲ್ಲಿ ಈಗ ನಾನು ಎಲ್ಲರಿಗೂ ಹಾಗೇ ವಿವರಿಸುತ್ತೇನೆ.

ಆದರೆ ಚಾರ್ಜರ್ ಹಾಕಿದ್ದರೂ ಇಳಿಯುವುದು ಯಾಕೆ? ತಂತಿಯನ್ನು ಒಂಚೂರು ಅಲುಗಾಡಿಸಿದರೆ ಚಾರ್ಜ್ ಆಗುತ್ತಿದೆ ಅನ್ನುತ್ತದೆ, ಕೈಬಿಟ್ಟರೆ ಇಲ್ಲ ಅನ್ನುತ್ತದೆ. ಹೊಸ ಚಾರ್ಜರ್ ಹಾಕಿದರೂ ಅದೇ ರಾಗ. ಟಾರ್ಚ್ ಹಿಡಿದು ತಂತಿ ಸಿಕ್ಕಿಸುವ ತೂತಿನೊಳಗೆ ಇಣುಕಿದೆ. ಅಕ್ಕಾ, ಅಲ್ಲಿ ನಿನ್ನ ಅಂಗಡಿಯೇ ಇತ್ತು! ಕೆಂಪು ಉಣ್ಣೆ, ಕಪ್ಪು ಕೋಟಿನ ಜುಂಗು, ಬಿಳಿ ಹತ್ತಿ, ಎಲ್ಲ ಸೇರಿ ಒತ್ತಿ ಒತ್ತಿ ಸಣ್ಣ ದಿಂಬಿನ ಹಾಗೆ ಆಗಿತ್ತು. ಆ ದಿಂಬಿನ ಮೇಲೆ ತಲೆಯಿಟ್ಟು ಚಾರ್ಜರಿನ ಮೂತಿ ಹಾಯಾಗಿ ಮಲಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ಯಂತ್ರವನ್ನು ಪೂರ್ತಿ ಆರಿಸಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಳೆದು ತೆಗೆದೆ. ಗಾಳಿಯಾಡುವ ಕಿಂಡಿಯಲ್ಲೂ ಅದೇ ಸಂಪತ್ತು. ಇನ್ನು ಮೇಲೆ ಆಗಾಗ ನೀನೇ ತೆಗೆ, ಆದರೆ ಹಲ್ಲುಕಡ್ಡಿಯಿಂದಲೇ. ಕೈಗೆ ಸಿಕ್ಕಿತು ಎಂದು ಸೂಜಿ ಹಾಕಿದೆಯೋ, ನಿನಗೂ ನನಗೂ ಮಾತಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡು ಬೀಗಿದೆ. ಚಾರ್ಜ್ ಮಾಡಿ, ಮುಚ್ಚಳ ಮುಚ್ಚಿ, ಚೀಲದಲ್ಲಿ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದೆ. ಊಟವಾದ ಮೇಲೆ ತೆಗೆದು ನೋಡಿದರೆ ಆಗಷ್ಟೇ ಇಸ್ತ್ರಿ ಮಾಡಿದ ಕಾಲರಿನಷ್ಟು ಬಿಸಿ, ಬ್ಯಾಟರಿ ಅರ್ಧಕ್ಕರ್ಧ ಖಾಲಿ. ಮುಚ್ಚಳ ಮುಚ್ಚಿದರೆ ಮಲಗಬೇಕಾದ ಗುಮಾಸ್ತ ಚೀಲದೊಳಗೆ ಕಣ್ಣು ಬಿಟ್ಟುಕೊಂಡೇ ಕೂತಿದ್ದ. ಲಿನಕ್ಸಿನಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಯಂತ್ರ ಮಲಗದಂತೆ ಯಾರಾದರೂ ತಡೆದಿದ್ದರೆ, ತಡೆದವರು ಯಾರು, ಯಾಕೆ ತಡೆದರು ಎಂದು ಕೇಳಿದರೆ ಅದು ತೋರಿಸುತ್ತದೆ. ಸಾಮಾನ್ಯವಾಗಿ ಅಲ್ಲಿ ಯಾವುದೋ ತಂತ್ರಾಂಶದ ಹೆಸರು, ಯಾವುದೋ ಒಣ ಕಾರಣ ಇರುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಯಾರು ಎಂಬ ಕಡೆ "ನಾನು" ಎಂದಿತ್ತು. ಯಾಕೆ ಎಂಬ ಕಡೆ "ಬೇಕು" ಎಂದಿತ್ತು.

ನಾನು! ಬೇಕು! ಮೌನವಾಗಿರಿ ಎಂದು ಗೋಡೆಗೆಲ್ಲ ಫಲಕ ತೂಗುಹಾಕಿದ ಆ ಜಾಗದಲ್ಲಿ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಜಗತ್ತಿನಲ್ಲಿ ಯಂತ್ರವೊಂದು ಯಾಕೆ ಎಂದು ಕೇಳಿದರೆ ಬೇಕು ಎಂದು ಉತ್ತರ ಕೊಡುವ ಮನುಷ್ಯ ಒಬ್ಬರೇ ಇದ್ದಾರೆ, ಅವರನ್ನು ನೀನು ಮದುವೆಯಾಗಿದ್ದೀಯ.

ಸಂಜೆ ಬಸ್ ನಿಲ್ದಾಣಕ್ಕೆ ಹೋದೆ. ಭಾವ ತಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಕೇಳುವ ಮೊದಲೇ ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ, ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ಲೋಟದೊಳಗೆ ನೋಡಿದರು. "ಫೋನಲ್ಲಿ ನೋಡಿ, ಅದು ಮಲಗದ ಹಾಗೆ ಒಂದು ಸಾಲು ಹಾಕಿದೆ. ತಪ್ಪಾಯ್ತಾ?" ಎಂದರು. ಬ್ಯಾಟರಿ ಮುಗಿಯುತ್ತಿರುವುದು ಅದರಿಂದಲೇ ಎಂದೆ. ಅವರ ಮುಖ ಇಳಿದುಹೋಯಿತು. ಆಮೇಲೆ, ಅವರು ನಮ್ಮ ಮನೆಯ ಅಳಿಯರಾದಾಗಿನಿಂದ ಅವರ ಬಾಯಲ್ಲಿ ಕೇಳಿರದಷ್ಟು ಉದ್ದದ ಮಾತಾಡಿದರು: "ಸ್ಟಾಪಲ್ಲಿ ನಿಂತಾಗ ನಾನು ಇಂಜಿನ್ ಆರಿಸಲ್ಲ. ಆರಿಸಿದ್ರೆ ಮತ್ತೆ ಅದು ಹೊತ್ತಿಕೊಳ್ಳೋ ಹೊತ್ತಿಗೆ ಹಿಂದಿನ ಬಸ್ಸು ಮುಂದೆ ಹೋಗಿರುತ್ತೆ. ಅದೂ ಹಾಗೇ. ಮಲಗಿದ್ರೆ ಏಳ್ಬೇಕು, ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಆ ಮಾತಾಡೋದು ಶುರುವಾಗ್ಬೇಕು. ಅಷ್ಟರಲ್ಲಿ ನೀವೆಲ್ಲ ಬೇರೆ ಮಾತಿಗೆ ಹೋಗಿರ್ತೀರ. ಅವಳು ಅಲ್ಲೇ ನಿಂತಿರ್ತಾಳೆ."

ನೀವೆಲ್ಲ ಎಂದರು ಅಕ್ಕಾ. ಬೈಯುವ ಹಾಗೆ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದರು. ಆದರೂ ನನಗೆ ಆ ಭಾನುವಾರ ಕಣ್ಣಿಗೆ ಕಟ್ಟಿತು. ನಮ್ಮ ಮನೆಯ ಊಟದ ಮೇಜು. ಚಿಕ್ಕಪ್ಪ ತಾನು ಬೆಳಗ್ಗೆ ಬೆಳಗ್ಗೆ ನಡೆದು ಹೊಟ್ಟೆ ಕರಗಿಸಿದ್ದನ್ನು ಎದ್ದು ನಿಂತು ತೋರಿಸುತ್ತಿದ್ದ. ನೀನು ತಟ್ಟನೆ ಮುಚ್ಚಳ ತೆರೆದೆ. ನಿನ್ನ ಕಣ್ಣಲ್ಲಿ ಆ ಹಳೆಯ ತುಂಟತನ ಬಂದಿತ್ತು, ನಾನು ನೋಡಿದೆ. ಗುಮಾಸ್ತ ಆಕಳಿಸಿ ಮೈಮುರಿದು ಎದ್ದ, ಪಾಸ್‌ವರ್ಡ್ ಕೇಳಿದ, ನೀನು ಕುಟ್ಟಿದೆ. ಅಷ್ಟರಲ್ಲಿ ಅಮ್ಮ ಪಕ್ಕದ ಮನೆಯ ಅಜ್ಜಿ ತೀರಿಕೊಂಡ ವಿಷಯ ತೆಗೆದಿದ್ದಳು. "ಪಾಪ, ಕೊನೆಗೆ ಕಡ್ಡಿ ಹಾಗೆ ಆಗಿಬಿಟ್ಟಿದ್ರು" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಾಗ ಗುಮಾಸ್ತ ಗಂಟಲು ಕಿತ್ತುಹೋಗುವಂತೆ ಸಾರಿದ: "ಏನೂ ಕರಗಿಲ್ಲ, ಪ್ಯಾಂಟು ಹಿಗ್ಗಿದೆ ಅಷ್ಟೇ."

ಯಾರೂ ನಗಲಿಲ್ಲ. ಅಮ್ಮ ನಿನ್ನನ್ನು ನೋಡಿದಳು. ನೀನು ಚಿಕ್ಕಪ್ಪನ ಕಡೆ ಬೆರಳು ತೋರಿಸಿದೆ, ಆದರೆ ಅಷ್ಟು ಹೊತ್ತಿಗೆ ಯಾರಿಗೂ ಅದು ನೆನಪಿರಲಿಲ್ಲ. ನೀನು ಮುಚ್ಚಳ ಮುಚ್ಚಿ ಊಟ ಮುಂದುವರಿಸಿದೆ. ನಾನು ಪಾತ್ರೆ ನಿನ್ನ ಕಡೆ ಸರಿಸಿ, ಇನ್ನೊಂಚೂರು ಹಾಕಿಕೋ ಎಂದೆ. ಅವತ್ತು ನನ್ನ ತಲೆಗೆ ಹೊಳೆದದ್ದು ಅಷ್ಟೇ. ಭಾವ ಮಾತ್ರ ಅದನ್ನು ನೋಡಿಕೊಂಡು ಮನೆಗೆ ಹೋಗಿ, ತಮ್ಮ ದಪ್ಪ ಬೆರಳುಗಳಲ್ಲಿ ಯಾರದೋ ಒಂದು ಸಾಲನ್ನು ನಕಲು ಮಾಡಿ, ಯಾರು ಎಂದು ಕೇಳಿದ್ದಕ್ಕೆ ನಾನು, ಯಾಕೆ ಎಂದು ಕೇಳಿದ್ದಕ್ಕೆ ಬೇಕು ಎಂದು ಬರೆದಿದ್ದಾರೆ. ನಿನಗೂ ಹೇಳಿಲ್ಲವಂತೆ. ನಿನ್ನ ಮಾತಿಗೆ ಒಂದು ಬಸ್ಸು ಸದಾ ಇಂಜಿನ್ ಹಾಕಿಕೊಂಡು ನಿಂತಿರಲಿ ಎಂದುಕೊಂಡಿದ್ದಾರೆ, ಪಾಪ, ಅದರ ಎಣ್ಣೆ ಮುಗಿಯುತ್ತದೆ ಎಂಬುದೊಂದನ್ನು ಮರೆತು.

ಆದ್ದರಿಂದ ಆ ಸಾಲನ್ನು ನಾನು ತೆಗೆದಿಲ್ಲ. ತೆಗೆಯುವುದು ಸುಲಭವಿತ್ತು, ಬ್ಯಾಟರಿ ಎರಡು ದಿನ ಬರುತ್ತಿತ್ತು, ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಹುದಿತ್ತು. ಅದರ ಬದಲು ಬೇರೆ ಸೋರಿಕೆಗಳನ್ನೆಲ್ಲ ಮುಚ್ಚಿದೆ. ಮುಚ್ಚಳ ಮುಚ್ಚಿದಾಗ ಗುಮಾಸ್ತ ಎಚ್ಚರವಾಗಿಯೇ ಇರುತ್ತಾನೆ, ಆದರೆ ಪರದೆ ಆರಿರುತ್ತದೆ, ವೇಗ ತಗ್ಗಿರುತ್ತದೆ, ಅಕ್ಕಪಕ್ಕದಲ್ಲಿ ಯಾವ ಬ್ಲೂಟೂತ್ ಇದೆ ಎಂದು ಹುಡುಕುತ್ತ ಅಲೆಯುವುದಿಲ್ಲ. ಕಣ್ಣು ಮುಚ್ಚಿ, ಕಿವಿ ತೆರೆದು ಕೂತಿರುತ್ತಾನೆ. ನೀನು ತೆರೆದು ಬಿಟ್ಟಿದ್ದ ಗೌನಿನ ಚಿತ್ರಗಳ ಪುಟಗಳನ್ನು ಮುಚ್ಚಿದ್ದೇನೆ. ಬೈಯಬೇಡ, ಎಲ್ಲವನ್ನೂ ಗುರುತು ಹಾಕಿ ಉಳಿಸಿದ್ದೇನೆ. ಬ್ಯಾಟರಿ ತಳಮುಟ್ಟುವುದಕ್ಕೆ ಬಹಳ ಮುಂಚೆಯೇ ಅವನು "ಚಾರ್ಜರ್ ಕೊಡಿ" ಎಂದು ಬಾಯಿಬಿಟ್ಟು ಕೇಳುತ್ತಾನೆ, ಇನ್ನು ಯಾವ ಕೋಟಿನ ಮೇಲೂ ಅರ್ಧ ತೀರ್ಪು ಕೊಡುವುದಿಲ್ಲ. ಭಾನುವಾರ ಮಾತ್ರ ಎಂಬತ್ತರ ಕಟ್ಟು ಬಿಚ್ಚಿ ನೂರರವರೆಗೆ ತುಂಬುತ್ತದೆ. ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿಕೊಳ್ಳಬೇಕಾದ ದಿನ ಅದೇ ಅಲ್ಲವೇ? ಚೀಲಕ್ಕೆ ಹಾಕುವಾಗ ಮಾತ್ರ ಪೂರ್ತಿ ಆರಿಸು. ಚೀಲದೊಳಗೆ ಯಾರ ಹತ್ತಿರವೂ ನಿನಗೆ ಮಾತಿಲ್ಲ.

ಇಷ್ಟಾದರೂ ಒಂದು ಉಳಿಯಿತು. ಗುಮಾಸ್ತ ಎಚ್ಚರವಿದ್ದರೂ ನಿನ್ನ ಬೆರಳು ಕುಟ್ಟಿ ಮುಗಿಸಬೇಕಲ್ಲ. ನಮ್ಮ ಮನೆಯವರ ಬಾಯಿ ಅಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕೆ ಯಾವ ಯಂತ್ರದಲ್ಲೂ ಮದ್ದಿಲ್ಲ ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ ನಿನ್ನ ಗುಂಡುಸೂಜಿಗಳು ನೆನಪಾದವು. ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡು, ಯಾರದೋ ಮಡಿಕೆಗೆ ಒಂದೊಂದಾಗಿ ಚುಚ್ಚುತ್ತ ಇರುತ್ತಿದ್ದೆ. ನಾವು ಏನಾದರೂ ಹೇಳಿದರೆ ಒಂದು ಬೆರಳೆತ್ತಿ "ತಡಿ" ಎನ್ನುತ್ತಿದ್ದೆ. ಸೂಜಿ ಕಚ್ಚಿಕೊಂಡೂ ನಿನಗೆ ಸ್ಪಷ್ಟವಾಗಿ ಹೇಳಲು ಬರುತ್ತಿದ್ದ ಮಾತು ಅದೊಂದೇ. ಹೇಳಿ ನೋಡಿದೆ ನಾನು, ಆ ಎರಡು ಅಕ್ಷರಕ್ಕೆ ತುಟಿ ಒಂದಕ್ಕೊಂದು ತಾಗಬೇಕಾಗಿಲ್ಲ. ನೀನು ತಡಿ ಅಂದರೆ ಗಿರಾಕಿ ನಿಲ್ಲುತ್ತಿದ್ದರು, ಚಿಕ್ಕಪ್ಪ ನಿಲ್ಲುತ್ತಿದ್ದ, ಅಳುತ್ತಿದ್ದ ಮಕ್ಕಳೂ ಅಳು ನಿಲ್ಲಿಸಿ ನಿನ್ನ ಬಾಯಿಯ ಸೂಜಿ ನೋಡುತ್ತಿದ್ದವು. ನೀನು ಒಂದೊಂದಾಗಿ ಎಲ್ಲ ತೆಗೆದು ಸೂಜಿದಿಂಬಿಗೆ ಚುಚ್ಚಿ, ಆಮೇಲೆ ಹೇಳುವವರೆಗೆ ಎಲ್ಲರೂ ಕಾಯುತ್ತಿದ್ದೆವು. ಕಾಯಲು ನಮಗೆ ಬರುತ್ತಿತ್ತು ಅಕ್ಕಾ. ನಡುವೆ ಮರೆತಿದ್ದೆವು, ಅಷ್ಟೇ.

ಈಗ ನೀನು ಮುಚ್ಚಳ ತೆರೆದ ಕೂಡಲೇ, ಪರದೆಗೆ ಬೆಳಕು ಬರುವ ಮೊದಲೇ, ಗುಮಾಸ್ತ ಒಂದೇ ಒಂದು ಮಾತು ಹೇಳುತ್ತಾನೆ: "ತಡಿ." ಅದೇ ಮೂಗಿನ ದನಿ, ಅದೇ ನೆಗಡಿ. ನಿನ್ನ ಸ್ವಂತ ದನಿಯಲ್ಲಿ ಆ ಮಾತು ನನ್ನ ಫೋನಿನಲ್ಲಿದೆ. ಹಿಂದೆ ನೀನು ಕಳಿಸಿದ್ದ ಒಂದು ಧ್ವನಿ ಸಂದೇಶದ ನಡುವೆ ಯಾರೋ ಅಂಗಡಿಗೆ ಬಂದಾಗ, "ತಡಿ, ಗಿರಾಕಿ ಬಂದ್ರು" ಎಂದಿದ್ದೀಯ. ಕತ್ತರಿಸಿ ಇದಕ್ಕೆ ಹೊಲಿಯುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಬಟ್ಟೆ ಯಾರದೋ ಅವರನ್ನು ಕೇಳದೆ ಕತ್ತರಿ ಇಡಬಾರದು ಎಂದು ನನಗೆ ಕಲಿಸಿದವಳು ನೀನು. ಬೇಕಾದರೆ ಹೇಳು, ಹಾಕಿಕೊಡುತ್ತೇನೆ. ಬೇಡವಾದರೆ ಅದು ನನ್ನ ಹತ್ತಿರವೇ ಇರುತ್ತದೆ. ಆಗಾಗ ಕೇಳಿಕೊಳ್ಳುತ್ತೇನೆ, ಅದಕ್ಕೆ ನಿನ್ನ ಅನುಮತಿ ಕೇಳುವುದಿಲ್ಲ.

ಇವತ್ತು ಬೆಳಗ್ಗೆ ಪರೀಕ್ಷೆ ಮಾಡಿದೆ. ಅಡುಗೆಮನೆಯ ಬಾಗಿಲ ಪಕ್ಕದ ಸಣ್ಣ ಮೇಜಿನ ಮೇಲೆ ಗುಮಾಸ್ತನನ್ನು ಇಟ್ಟುಕೊಂಡು ಕೂತಿದ್ದೆ. ಅಮ್ಮ ಒಲೆಯ ಕಡೆ ಮುಖ ಮಾಡಿ, ನನ್ನ ಕೂದಲು, ನನ್ನ ಕೆಲಸ, ನನ್ನ ಸೋಮಾರಿತನ, ಒಂದಾದ ಮೇಲೊಂದು ತೆಗೆದು ಝಾಡಿಸುತ್ತಿದ್ದಳು. ನಿನಗೆ ಗೊತ್ತಲ್ಲ, ಅವಳು ಶುರುವಿಟ್ಟರೆ ನಡುವೆ ಸಾಸಿವೆ ಕಾಳು ತೂರಿಸಲೂ ಜಾಗವಿರುವುದಿಲ್ಲ. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಸುಮ್ಮನೆ ಮುಚ್ಚಳ ತೆರೆದೆ.

"ತಡಿ" ಎಂದ ಗುಮಾಸ್ತ.

ಅಮ್ಮ ನಿಂತಳು. ಪದದ ನಡುವೆಯೇ ನಿಂತಳು. ಸೌಟನ್ನು ಪಾತ್ರೆಯ ಮೇಲೆ ಹಾಗೇ ಹಿಡಿದುಕೊಂಡು, ನನ್ನ ಕಡೆ ಅಲ್ಲ, ಬೀದಿ ಬಾಗಿಲ ಕಡೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ನೋಡಿದಳು, ನನ್ನನ್ನು ನೋಡಿದಳು. ಒಲೆಯನ್ನು ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಗುಮಾಸ್ತನ ಎದುರು ಕೂತಳು.

"ಹೇಳಮ್ಮ" ಎಂದಳು.

ನಾಳೆ ಭಾನುವಾರ. ಭಾವ ಇವತ್ತೇ ಇದನ್ನು ತಂದುಕೊಡುತ್ತಾರೆ. ನೂರರವರೆಗೆ ತುಂಬಿಸಿಕೊಂಡು ಊಟಕ್ಕೆ ಬಾ. ಚಿಕ್ಕಪ್ಪನೂ ಬರುತ್ತಾನೆ, ಹೊಸ ಪ್ಯಾಂಟು ಹಾಕಿಕೊಂಡು. ನೀನು ಏನು ಹೇಳಬೇಕೆಂದಿದ್ದೀಯೋ ನಿಧಾನವಾಗಿ, ಒಂದೇ ಬೆರಳಲ್ಲಿ ಕುಟ್ಟು. ನಾವು ಎಲ್ಲಿಗೂ ಹೋಗುವುದಿಲ್ಲ.

ನಿನ್ನ ಕತ್ತರಿ ಹರಿತವಾಗಿರಲಿ, ನಿನ್ನ ನಾಲಿಗೆ ಅದಕ್ಕಿಂತ ಹರಿತವಾಗಿರಲಿ.

ನಿನ್ನಿಂದ ಬೈಸಿಕೊಳ್ಳಲು ಕಾದಿರುವ,
ತಂಗಿ